ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ಮೆಮೊರಿಯ ಹುಡುಕಾಟ

ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಪೂರ್ವಕ್ಕೆ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರಸ್ತೆ. 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್‌ನ ಹೆಸರು ಇದಕ್ಕೆ. ಫಲಕದಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗವೆಂದಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಚಿತ್ರ ವಿತರಕರಿಂದಾಗಿ ಹೆಸರಾದ ನಾಜ್ ಚಿತ್ರಮಂದಿರದ ಕಟ್ಟಡ ಇದ್ದದ್ದೂ ಈ ರಸ್ತೆಯಲ್ಲೇ. ಇಂದು ಇದು ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆ.

ಯುವ ಮಿತ್ರರೇ, ಹೊಸ ಲ್ಯಾಪ್‌ಟಾಪ್ ಕೊಳ್ಳಲು ನೀವೂ ಇಲ್ಲಿಗೆ ಬಂದಿರಬಹುದು. ನಾವು ಹೋದದ್ದು ಸಂಘದ ಕಚೇರಿಯ ಮೂಲೆಯಲ್ಲಿರುವ 1999ರ ಪೆಂಟಿಯಂ-2 ಯಂತ್ರಕ್ಕೆ ಮೆಮೊರಿ ಹುಡುಕಿಕೊಂಡು. ನಮ್ಮ ಪತ್ರಿಕೆಯ ಎಷ್ಟೋ ಹಳೆಯ ಸಂಚಿಕೆಗಳ ಪುಟಗಳು ಅದರೊಳಗಿವೆ. ಅವು ಯೂನಿಕೋಡ್‌ಗಿಂತ ಹಿಂದಿನ ಅಕ್ಷರಗಳಲ್ಲಿವೆ. ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಹಳೆಯ ಕನ್ನಡ ತಂತ್ರಾಂಶ ನಡೆಯಲು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಎಂಬ ಬೀಗ ಬೇಕು. ಆದ್ದರಿಂದ ಆ ಯಂತ್ರವೇ ಬದುಕಬೇಕು. ಇದ್ದದ್ದು 64 ಎಂಬಿ ಮೆಮೊರಿ. ಚಿತ್ರವಿರುವ ಪುಟ ಬಂದರೆ ಸಾಕು, ತಿಣುಕುತ್ತಿತ್ತು.

ಮುಂಭಾಗದ ಝಗಮಗ ಅಂಗಡಿಗಳಲ್ಲಿ ಕೇಳಿದರೆ ನಗುತ್ತಾರೆ. ಒಳಗಲ್ಲಿಗಳಲ್ಲಿ, ಕಿರಿದಾದ ಮೆಟ್ಟಿಲು ಹತ್ತಿದರೆ ಹಳೆಯ ಮಾಲಿನ ಅಂಗಡಿಗಳು. ಹೋಗುವಾಗ ಯಂತ್ರದಲ್ಲಿರುವ ಮೆಮೊರಿಯನ್ನು ಕಳಚಿ ಜೊತೆಗೆ ಒಯ್ಯಿರಿ. ಬಾಯಿಮಾತಿಗಿಂತ ಅದು ಮೇಲು. ನಮ್ಮದು 168 ಪಿನ್ನಿನ ಎಸ್‌ಡಿ ರ‍್ಯಾಮ್. ಅಂಚಿನಲ್ಲಿ ಎರಡು ಕಚ್ಚು. ಅನಂತರ ಬಂದ ಡಿಡಿಆರ್‌ಗೆ 184 ಪಿನ್ನು, ಒಂದೇ ಕಚ್ಚು, ಒತ್ತಿದರೂ ಕೂರದು. ಅದಕ್ಕೂ ಹಿಂದಿನ ಪೆಂಟಿಯಂಗಳಲ್ಲಿ 72 ಪಿನ್ನಿನವನ್ನು ಜೋಡಿಯಾಗಿಯೇ ಹಾಕಬೇಕಿತ್ತು.

ಒಬ್ಬ ಹುಡುಗ ಡ್ರಾಯರಿನಿಂದ 256 ಎಂಬಿಯದೊಂದನ್ನು ತೆಗೆದು "ಚಲೇಗಾ" ಎಂದ. ಪಕ್ಕದಲ್ಲಿ ಕೂತಿದ್ದ ಹಿರಿಯರು ಅದನ್ನು ತಿರುಗಿಸಿ ನೋಡಿ, ಮದರ್‌ಬೋರ್ಡಿನ ಚಿಪ್‌ಸೆಟ್ ಯಾವುದೆಂದು ಕೇಳಿದರು. ಇಂಟೆಲ್ 440ಬಿಎಕ್ಸ್ ಎಂದೆವು. ಅವರು ತಲೆಯಾಡಿಸಿದರು. ಒಂದೇ ಬದಿಯಲ್ಲಿ ಎಂಟು ಚಿಪ್ಪುಗಳಿರುವ 256 ಎಂಬಿಯನ್ನು ಆ ಬೋರ್ಡು ಸರಿಯಾಗಿ ಗುರುತಿಸದು, ಅರ್ಧವನ್ನಷ್ಟೇ ತೋರಿಸುತ್ತದೆ. ಎರಡೂ ಬದಿ ಸೇರಿ ಹದಿನಾರು ಚಿಪ್ಪುಗಳಿರಬೇಕು. ಇನ್ನೂ ಹೆಚ್ಚು ಬೇಡವೇ ಎಂದದ್ದಕ್ಕೆ, ವಿಂಡೋಸ್ 98ಕ್ಕೆ 512 ಎಂಬಿ ಮೀರಿದರೆ ಅಜೀರ್ಣ ಎಂದರು. ಹದಿನಾರು ಚಿಪ್ಪಿನದನ್ನು ಹುಡುಕಿ ತೆಗೆದು, ಅದರ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ತಮ್ಮ ಹಳೆಯ ಬೋರ್ಡಿನಲ್ಲಿ ಹಾಕಿ ತೋರಿಸಿಯೇ ಹಣ ಪಡೆದರು.

ಕಚೇರಿಯಲ್ಲಿ ತೆರೆಯ ಮೇಲೆ 320 ಎಂಬಿ ಎಂದು ಮೂಡಿತು. ಈಗ ಪುಟಗಳು ತೆರೆಯುತ್ತಿವೆ. ಒಂದೊಂದನ್ನೂ ಪೋಸ್ಟ್‌ಸ್ಕ್ರಿಪ್ಟ್ ಕಡತವಾಗಿಸಿ, ಹೊಸ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಬೇಕು. ನಿಮ್ಮ ತಂದೆತಾಯಂದಿರು ಆಡಿದ ನಾಟಕಗಳ ವರದಿ, ಅವರು ಬರೆದ ಕವಿತೆ, ಅಗಲಿದ ಹಿರಿಯರ ನೆನಪು ಎಲ್ಲವೂ ಅಲ್ಲಿವೆ. ಆ ಹಾರ್ಡ್ ಡಿಸ್ಕಿಗೂ ಮುಪ್ಪು ಬಂದಿದೆ. ಕಂಪ್ಯೂಟರ್ ಬಲ್ಲವರು ನೀವು. ಕನ್ನಡ ಓದಲು ತಡವರಿಸಿದರೆ ಪಕ್ಕದಲ್ಲಿ ನಾವಿದ್ದೇವೆ. ಬನ್ನಿ.