ಜೋಡಿ ಅಂತ ಬರೀತಿದ್ದೆ

ಬಿಲ್ಡಿಂಗ್ ಕೆಲಸದಾಗ ಸೂಪರ್‌ವೈಸರ್ ಅಂದ್ರ ಏನ್ ಮಾಡ್ತೀರಿ ಅಂತ ನಮ್ಮ ಬೀಗರು ಒಮ್ಮೆ ಕೇಳಿದ್ರು. "ಮಾಲಕರ ಕಡೆನೂ ಬೈಸ್ಕೊಳ್ಳೋದು, ಆಳಿನ ಕಡೆನೂ ಬೈಸ್ಕೊಳ್ಳೋದರಿ" ಅಂದೆ. ನಕ್ರು. ಸುಳ್ಳಲ್ಲ ನೋಡ್ರಿ. ಮುಂಜಾನೆ ಹಾಜರಿ ತಗೋಬೇಕು, ಸಿಮೆಂಟ್ ಚೀಲ ಎಣಿಸಬೇಕು, ಓಳಂಬ ಬಿಟ್ಟು ಗ್ವಾಡಿ ನೋಡು ಅಂತ ಗೌಂಡಿ ಬೆನ್ನು ಹತ್ತಬೇಕು, ಸ್ಲ್ಯಾಬ್ ಹಾಕಿದ ಮ್ಯಾಲ ಕಮ್ಮಿ ಅಂದ್ರೂ 7 ದಿನ ನೀರು ನಿಲ್ಲಿಸಬೇಕು. ಶನಿವಾರ ಬಟವಾಡೆ.

ಹುಬ್ಬಳ್ಳಿ ಸೈಟಿಗೆ ಯಾದಗಿರಿ, ರಾಯಚೂರು ಕಡಿಂದ ಗಂಡ-ಹೆಂಡ್ತಿ ಕೂಡೇ ಬರ್ತಾರ. ಗಂಡನ ಹೆಸರು ಬರದು ಮುಂದ ‘ಜೋಡಿ’ ಅಂತ ಹಾಕಿದ್ರ ಮುಗೀತು. ಇಬ್ಬರ ಪಗಾರ ಅವನ ಕೈಗೆ. ನನಗ ಕೆಲಸ ಕಲಿಸಿದ ಮೇಸ್ತ್ರಿ ಹಂಗ ಬರೀತಿದ್ದ, ನಾನೂ ಹಂಗ ಬರೀತಿದ್ದೆ.

ಹೋದ ವರ್ಷ ಒಬ್ಬಾಕಿ ಬಟವಾಡೆ ಮುಗಿದ ಮ್ಯಾಲ ಬಂದು ನಿಂತಳು. "ಸಾಹೇಬ್ರ, ಲೇಬರ್ ಕಾರ್ಡ್ ಮಾಡಿಸ್ಬೇಕರಿ. 90 ದಿನ ದುಡದೀನಿ ಅಂತ ಒಂದು ಬರದು ಕೊಡ್ರಿ."

ಆಕಿ ಕೇಳಿದ್ದು ಖರೇನ. ಕಾಯ್ದೆ ಪ್ರಕಾರ 18ರಿಂದ 60 ವಯಸ್ಸಿನವರು ಹಿಂದಿನ 12 ತಿಂಗಳದಾಗ 90 ದಿನ ಕಟ್ಟಡದ ಕೆಲಸ ಮಾಡಿದ್ರ ಹೆಸರು ನೋಂದಾಯಿಸಬಹುದು. ಹೆರಿಗಿಗೆ, ಮಕ್ಕಳ ಸಾಲಿಗೆ, ಮುಪ್ಪಿನ ಪಿಂಚಣಿಗೆ ಅದರಿಂದ ಆಸರಾ ಆಗತೈತಿ. ಸಹಿ ಗುತ್ತಿಗೆದಾರರದು. ಪುಸ್ತಕ ಒಯ್ದೆ. ಅವ್ರು ಹಾಳಿ ತಿರುವಿ, "ಎಲ್ಲೈತೋ ಈಕಿ ಹೆಸರು? ಜೋಡಿ ಅಂದ್ರ ಯಾರು?" ಅಂದ್ರು.

ನಾನೂ ಹುಡುಕಿದೆ. ಗಂಡ ಕುಡದು ಮಲಗಿದ ದಿನ ಆಕಿ ಒಬ್ಬಾಕಿನ ಬಂದು ಬುಟ್ಟಿ ಹೊತ್ತಿದ್ದಳು. ಆ ದಿನದ ಗೆರಿನೂ ಅವನ ಹೆಸರಿನ ಮುಂದ ಎಳದಿದ್ದೆ. ಸಹಿ ಆಗಲಿಲ್ಲ.

ರಾತ್ರಿ ಊಟಕ್ಕ ಕುಂತಾಗ ಮನ್ಯಾಗ ಹೇಳಿದೆ. ನನ್ನಾಕಿ ಸುಮ್ಮನ ರೊಟ್ಟಿ ಹಾಕಿದಳು. ಅವ್ವ ಕೇಳಿದಳು, "ಏನೋ ಆಕಿ ಹೆಸರು?"

ತುತ್ತು ಬಾಯಾಗ ಇತ್ತು. ಎಂಟು ತಿಂಗಳಿಂದ ದಿನಾ ನೋಡೀನಿ, ಹೆಸರು ಗೊತ್ತಿರಲಿಲ್ಲ.

"ನಾನೂ ಕಾಲುವಿ ಕೆಲಸಕ್ಕ ಹೋದಾಕಿನ. ಬರೆಯೋವ್ರು ನನ್ನ ಹೆಸರೂ ಕೇಳಿರಲಿಲ್ಲ ಬಿಡು" ಅಂತ ಅವ್ವ ಕೈ ತೊಳಕೊಳ್ಳಾಕ ಎದ್ದಳು.

ಸೋಮವಾರ ಹೊಸ ಹಾಳಿ ಗೆರಿ ಹೊಡದು ಹೆಣ್ಣಾಳುಗಳ ಹೆಸರು ಕೇಳಿದೆ. ಕೆಲವರು ನಕ್ರು, ಒಬ್ಬಾಕಿ "ಯಾಕ್ರಿ, ಏನ್ ತಪ್ಪ ಮಾಡೀವಿ?" ಅಂತ ಅಂಜಿದಳು. ಕಾರ್ಡ್ ಕೇಳಿದಾಕಿ ಹೆಸರನ್ನ ಎಲ್ಲಾರಕಿಂತ ಮೊದಲು ಬರದೆ. ಆಕಿನ್ನ ಕೇಳದ ಇಲ್ಲಿ ಬರಿಯೂದಿಲ್ಲ. 52ನೇ ದಿನಕ್ಕ ಆ ಕೆಲಸ ಮುಗೀತು, ಅವರು ಬ್ಯಾರೆ ಊರಿಗೆ ಹೋದ್ರು. ಆ 52 ದಿನಕ್ಕ ಹಟ ಹಿಡದು ಸಹಿ ಮಾಡಿಸಿ ಕೊಟ್ಟೆ. ಇನ್ನ 38 ಉಳದಿದ್ವು. ಅವನ್ನ ಅಲ್ಲಿ ಯಾರು ಬರದ್ರೋ.

ಈಗ ನನ್ನ ಪುಸ್ತಕದಾಗ ಜೋಡಿ ಇಲ್ಲ. ಹಾಜರಿಗೆ ಹತ್ತು ನಿಮಿಷ ಹೆಚ್ಚಿಗೆ ಹಿಡೀತೈತಿ. ಹೆಣ್ಣಾಳಿನ ಪಗಾರ ಮಾತ್ರ ಇನ್ನೂ ಗಂಡಾಳಿಗಿಂತ ಕಮ್ಮಿನ ಐತಿ. ಅದನ್ನೂ ನಾನ ಬರೀತೀನಿ, ಪ್ರತಿ ಶನಿವಾರ.