ಚಿತ್ರದೊಳಗಿನ ಗಾಜು

ಊರಿನ ಸುದ್ದಿ ಕೆಟ್ಟದಾದಷ್ಟೂ ಊರಿನ ಹೆಸರು ದೂರ ಹಬ್ಬುತ್ತದೆ. ಲೆಬನಾನಿನ ರಾಜಧಾನಿ ಬೈರೂತಿನ ಪಾಡು ಇದೇ. 1975ರಲ್ಲಿ ಹೊತ್ತಿಕೊಂಡ ಅಂತರ್ಯುದ್ಧ 1990ರಲ್ಲಿ ಮುಗಿಯಿತು. ಆದರೂ ಆ ನಾಡಿನ ಚಿತ್ರವೊಂದು, ಚಲಚ್ಚಿತ್ರವೊಂದು ಪರದೇಶಕ್ಕೆ ಹೋದರೆ, ನೋಡಬಂದವರ ಕಣ್ಣು ಮೊದಲು ಅರಸುವುದು ಗುಂಡಿನ ಗುರುತನ್ನೇ.

ಸಲ್ವಾ ರೌದಾ ಶುಕೈರ್ 1916ರಲ್ಲಿ ಬೈರೂತಿನಲ್ಲಿ ಹುಟ್ಟಿದ ಕಲಾವಿದೆ. 1948ರಲ್ಲಿ ಪ್ಯಾರಿಸ್ಸಿಗೆ ಹೋಗಿ ಕಲಿತು, ಊರಿಗೆ ಮರಳಿ, ಇಸ್ಲಾಮೀ ವಿನ್ಯಾಸದ ಲೆಕ್ಕಾಚಾರವನ್ನೂ ಅರಬ್ಬೀ ಕಾವ್ಯದ ಕಟ್ಟನ್ನೂ ಮರ ಕಲ್ಲುಗಳಲ್ಲಿ ಹುಡುಕಿದರು. ಅವರ ಕೆಲವು ಶಿಲ್ಪಗಳಿಗೆ ‘ಕವಿತೆ’ ಎಂದೇ ಹೆಸರು. ಒಂದರ ಮೇಲೊಂದು ಕೂರುವ ತುಂಡುಗಳು ಅವು. ಕನ್ನಡದ ಮುಕ್ತಕಗಳಂತೆ ಬಿಡಿಯಾಗಿಯೂ ನಿಲ್ಲಬಲ್ಲವು, ಕೂಡಿಯೂ ನಿಲ್ಲಬಲ್ಲವು. ಅಲ್ಲಿ ಯುದ್ಧದ ಸೊಲ್ಲೇ ಇಲ್ಲ.

2013ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯ ಅವರ ಜೀವಮಾನದ ಕೃತಿಗಳನ್ನು ಪ್ರದರ್ಶಿಸಿತು. ಆಗ ಅವರಿಗೆ ತೊಂಬತ್ತಾರು ವರ್ಷ. 1947ರಿಂದ 1951ರವರೆಗೆ ರಚಿಸಿದ ವರ್ಣಚಿತ್ರವೊಂದು ಅಲ್ಲಿತ್ತು. ಯುದ್ಧಕಾಲದಲ್ಲಿ ಮನೆಯ ಬಳಿ ಬಾಂಬು ಸಿಡಿದಾಗ ಅದರಲ್ಲಿ ತೂತು ಬಿದ್ದು, ಗಾಜಿನ ಚೂರುಗಳು ನಾಟಿಕೊಂಡಿದ್ದವು. ಅದನ್ನು ಹಾಗೆಯೇ ತೂಗುಹಾಕಿದ್ದರು. ಚೂರು ಕಿತ್ತು ತೂತು ಮುಚ್ಚಿದರೆ ನಡೆದುದನ್ನು ಮರೆಮಾಚಿದಂತೆ. ಬಿಟ್ಟರೆ, ಬಂದವರು ಗಾಜನ್ನೇ ನೋಡಿ ಬಣ್ಣವನ್ನು ಮರೆತಾರೆಂಬ ಭಯ!

ಚಲಚ್ಚಿತ್ರಕ್ಕೂ ಇದೇ ಸಂಕಟ. ನಾದಿನ್ ಲಬಕಿಯವರ ‘ಕ್ಯಾರಮೆಲ್’ 2007ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ತೆರೆ ಕಂಡಿತು. ಬೈರೂತಿನ ಒಂದು ಸೌಂದರ್ಯಾಲಂಕಾರದ ಅಂಗಡಿ, ಅಲ್ಲಿ ಸೇರುವ ಹೆಂಗಸರ ಪ್ರೇಮ, ಮುಪ್ಪು, ಗುಟ್ಟು, ಇಷ್ಟೇ ಕಥೆ. ಅದೇ ನಿರ್ದೇಶಕಿಯ ‘ಕಫರ್ನೌಮ್’ 2018ರಲ್ಲಿ ಅದೇ ಕಾನ್‌ನಲ್ಲಿ ಜ್ಯೂರಿ ಬಹುಮಾನ ಪಡೆಯಿತು. ತನ್ನನ್ನು ಹೆತ್ತುದಕ್ಕಾಗಿ ತಂದೆತಾಯಿಗಳ ಮೇಲೆ ದಾವೆ ಹೂಡುವ ಬಡ ಹುಡುಗನ ಕಥೆ ಅದು. ಆ ಪಾತ್ರ ವಹಿಸಿದವನು ಸಿರಿಯಾದಿಂದ ಬಂದ ನಿರಾಶ್ರಿತ ಬಾಲಕ. ಅಂಗಡಿಯ ನಗೆಯೂ ಬೈರೂತಿನದೇ, ಹುಡುಗನ ಅಳುವೂ ಬೈರೂತಿನದೇ. ಒಂದನ್ನೇ ನೋಡಿ ಊರನ್ನು ಕಂಡೆವೆಂದರೆ ಅರ್ಧ ಕಂಡಂತೆ.

ಶುಕೈರ್ 2017ರಲ್ಲಿ ತೀರಿಕೊಂಡರು. ಅವರ ಚಿತ್ರಕ್ಕೆ ಗಾಜು ಬಂದು ನಾಟಿದುದು ಯುದ್ಧಕಾಲದಲ್ಲಿ. ಬಣ್ಣ ಅದಕ್ಕಿಂತ ದಶಕಗಳ ಹಿಂದಿನದು. ಮನೆಗೆ ಬಂದ ನೆಂಟನ ಹಣೆಯಲ್ಲಿ ಗಾಯವಿದ್ದರೆ ಏನಾಯಿತೆಂದು ಕೇಳುವುದು ಸಹಜ, ಕೇಳಲೂಬೇಕು. ಕೇಳಿದ ಮೇಲೆ ಅವನ ಮುಖವನ್ನೂ ಒಮ್ಮೆ ನೋಡಬೇಕಲ್ಲವೆ?