ಜಾನ್ ಸತ್ತ ಜಾಗ

ಬೆಸ್ಟ್ ಬಸ್ಸು ಮುಂಬೈಯ ವಡಾಲದಲ್ಲಿ, ಅಂಬೇಡ್ಕರ್ ಕಾಲೇಜಿನ ಹತ್ತಿರ ನಿಧಾನವಾದಾಗ ಮುಂದಿನ ಸೀಟಿನ ಹುಡುಗ ಕಿಟಕಿಯಾಚೆ ಬೆರಳು ಮಾಡಿ ಗೆಳೆಯನಿಗೆ ಹೇಳಿದ: "ಇಧರ್ ಹೀ ಜಾನ್ ಕೋ ಉಡಾಯಾ," ಇಲ್ಲೇ ಜಾನ್‌ನನ್ನು ಹೊಡೆದುರುಳಿಸಿದ್ದು. ಗೆಳೆಯ ಕತ್ತು ಚಾಚಿದ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಫುಟ್‌ಪಾತು, ಮರದ ನೆರಳು, ಕಬ್ಬಿನ ಹಾಲಿನ ಗಾಡಿ. ಆದರೂ ಬಸ್ಸು ತಿರುಗುವವರೆಗೆ ಇಬ್ಬರೂ ಆ ಕಡೆಯಿಂದ ಕಣ್ಣು ಕೀಳಲಿಲ್ಲ.

ಜಾನ್ ಎಂದರೆ ನಟ ಜಾನ್ ಅಬ್ರಹಾಂ. ಅವರು ಸುಖವಾಗಿದ್ದಾರೆ. ಅಲ್ಲಿ ಸತ್ತವನು ಮನ್ಯಾ ಸುರ್ವೆ. 1982ರ ಜನವರಿ 11ರಂದು, ಪೊಲೀಸರ ಗುಂಡಿಗೆ. ದಾದರಿನ ಕೀರ್ತಿ ಕಾಲೇಜಿನಲ್ಲಿ ಓದಿದ್ದವನು, ಕೊನೆಗೆ ದರೋಡೆ, ಕೊಲೆಗಳ ದಾರಿ ಹಿಡಿದವನು. ಮುಂಬೈ ಪೊಲೀಸರ 'ಎನ್‌ಕೌಂಟರ್' ಎಂಬ ಮಾತು ಜನರ ಬಾಯಿಗೆ ಬಂದದ್ದೇ ಅವನ ಸಾವಿನಿಂದ ಎನ್ನುತ್ತಾರೆ. ಆಗ ನಾನು ಇನ್ನೂ ಸಣ್ಣ ಹುಡುಗ. ನಮ್ಮ ಬಿಲ್ಡಿಂಗಿನ ದೊಡ್ಡವರು ಮೆಟ್ಟಿಲ ಬಳಿ ನಿಂತು ತಗ್ಗಿದ ದನಿಯಲ್ಲಿ ಮಾತಾಡಿದ್ದು, ಮಕ್ಕಳು ಹತ್ತಿರ ಹೋದೊಡನೆ ಮಾತು ನಿಲ್ಲಿಸಿದ್ದು ನೆನಪಿದೆ. 2013ರಲ್ಲಿ ಸಂಜಯ್ ಗುಪ್ತಾ, ಜಾನ್ ಅಬ್ರಹಾಂರನ್ನು ಮನ್ಯಾ ಮಾಡಿ 'ಶೂಟೌಟ್ ಅಟ್ ವಡಾಲಾ' ತೆಗೆದರು. ಅದರಲ್ಲಿ ಪೊಲೀಸ್ ಅಧಿಕಾರಿಯ ಹೆಸರನ್ನು ಅಷ್ಟಿಷ್ಟು ಬದಲಿಸಿದ್ದರು, ಮನ್ಯಾನ ಹೆಸರು ಮಾತ್ರ ಇದ್ದ ಹಾಗೆಯೇ ಇತ್ತು. ಆದರೂ ಊರ ಬಾಯಲ್ಲಿ ಉಳಿಯದೆ ಹೋದದ್ದು ಆ ಹೆಸರೇ. ಇವತ್ತು ವಡಾಲದ ಹುಡುಗರು ತೋರಿಸುವುದು ಜಾನ್ ಸತ್ತ ಜಾಗವನ್ನು.

ಆ ಒಂದು ವಾಕ್ಯ ನನ್ನನ್ನು ದಿನವಿಡೀ ಕಾಡಿತು. ಸಿನಿಮಾದಲ್ಲಿ ಒಬ್ಬ ಸತ್ತಾಗ ನಾವು ಯಾರು ಸತ್ತರು ಎನ್ನುತ್ತೇವೆ?

ನನ್ನ ಅಮ್ಮ ಉಡುಪಿಯ ಕಡೆಯವಳು, ಮದುವೆಯಾಗಿ ವಡಾಲಕ್ಕೆ ಬಂದವಳು. 'ಬಂಗಾರದ ಮನುಷ್ಯ'ದ ಕತೆ ಹೇಳುವಾಗ ಅವಳ ಬಾಯಲ್ಲಿ ರಾಜೀವ ಎಂಬ ಹೆಸರು ಒಮ್ಮೆಯೂ ಬರುತ್ತಿರಲಿಲ್ಲ. "ಕೊನೆಗೆ ರಾಜ್‌ಕುಮಾರ್ ಎಲ್ಲ ಬಿಟ್ಟು ಹೊರಟೇ ಹೋಗ್ತಾನೆ, ಪಾಪ" ಎನ್ನುತ್ತಿದ್ದಳು. ಅದೇ ಅಮ್ಮ, ಪೇಪರಿನಲ್ಲಿ ರಾಜ್‌ಕುಮಾರ್ ಫೋಟೊ ಕಂಡರೆ "ಇವರು ಎಷ್ಟು ಸೊರಗಿದ್ದಾರೆ ನೋಡು" ಎನ್ನುವಳು. ಹೋಗ್ತಾನೆ, ಸೊರಗಿದ್ದಾರೆ. ತೆರೆಯ ಮೇಲೆ ಏಕವಚನ, ತೆರೆಯ ಆಚೆ ಬಹುವಚನ. ಹೆಸರು ಒಂದೇ ಇದ್ದರೂ ಕ್ರಿಯಾಪದದ ಬಾಲ ನೋಡಿದರೆ ಸಾಕು, ಅವಳು ನಟನನ್ನು ಕುರಿತು ಹೇಳುತ್ತಿದ್ದಾಳೋ ಆ ಮನೆ ಬಿಟ್ಟು ಹೋದವನನ್ನು ಕುರಿತು ಹೇಳುತ್ತಿದ್ದಾಳೋ ಗೊತ್ತಾಗುತ್ತಿತ್ತು. ಓದಿದವರು ಪ್ರೇಕ್ಷಕರಿಗೆ ನಟನಿಗೂ ಪಾತ್ರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಬರೆದದ್ದನ್ನು ಎಷ್ಟೋ ಸಲ ಓದಿದ್ದೇನೆ. ಅವರು ಕನ್ನಡದ ಪ್ರತ್ಯಯಗಳಿಗೆ ಕಿವಿ ಕೊಟ್ಟಿಲ್ಲ. ರಾಜ್‌ಕುಮಾರ್ 'ಹೋಗ್ತಾನೆ' ಎಂದ ಅಮ್ಮ ಅವರಿಗೆ ಅಗೌರವ ತೋರಿದ್ದಲ್ಲ. ಆ ಮೂರು ಗಂಟೆ ಹೊತ್ತು ಅವರನ್ನು ತನ್ನ ತಮ್ಮನನ್ನಾಗಿ ಮಾಡಿಕೊಂಡಿದ್ದಳು.

ಎಲ್ಲ ನಟರಿಗೂ ಇದು ಒಂದೇ ರೀತಿ ನಡೆಯುವುದಿಲ್ಲ. 'ಶೋಲೆ'ಯನ್ನೇ ನೋಡಿ. ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾಗಿ, ಈ ಊರಿನ ಮಿನರ್ವಾ ಟಾಕೀಸಿನಲ್ಲಿ 5 ವರ್ಷ ಓಡಿದ ಚಿತ್ರ. ಅದರಲ್ಲಿ ಸಾಯುವವನು ಜೈ. ಆದರೆ ಇಷ್ಟು ವರ್ಷದಲ್ಲಿ ಯಾರೊಬ್ಬರೂ 'ಜೈ ಸಾಯ್ತಾನೆ' ಎಂದದ್ದನ್ನು ನಾನು ಕೇಳಿಲ್ಲ. ಅಮಿತಾಬ್ ಸಾಯ್ತಾನೆ. ಇನ್ನೊಂದು ಕಡೆ, 'ಅಮ್ಜದ್ ಖಾನ್ ಕೈ ಕಡಿದ' ಎಂದವರೂ ಇಲ್ಲ. ಕೈ ಕಡಿದವನು ಗಬ್ಬರ್. ಅಮ್ಜದ್ ಖಾನರ ಮುಖ ಆಗ ಜನಕ್ಕೆ ಹೊಸದು; ಅವರಿಗೊಂದು ಹೆಸರಿದೆ ಎಂದು ತಿಳಿಯುವ ಮೊದಲೇ ಗಬ್ಬರ್ ಬಂದು ಆ ಮುಖದಲ್ಲಿ ಕುಳಿತಾಗಿತ್ತು. ಗಣೇಶೋತ್ಸವದ ಪೆಂಡಾಲಿನಲ್ಲಿ 'ಶೋಲೆ'ಯ ಮಾತುಗಳ ಕ್ಯಾಸೆಟ್ ಹಾಕಿದರೆ ನಾವು ಮಕ್ಕಳು ಮುಖವೇ ಕಾಣದ ಆ ದನಿಗೆ ಹೆದರಿ ಹಿಂದೆ ಸರಿಯುತ್ತಿದ್ದೆವು. ಸಾಂಬಾ, ಕಾಲಿಯಾ ಆಗಿದ್ದವರ ನಿಜ ಹೆಸರು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ತಡವರಿಸುತ್ತಾರೆ.

'ನಾಗರಹಾವು' ಬಂದದ್ದು 1972ರಲ್ಲಿ. ಅದರಲ್ಲಿ ನಟಿಸಿದ ಅನೇಕರು ಹೀಗೆ ಪಾತ್ರದ ಹೆಸರಿನವರೇ ಆದರು. ಅಂಬರೀಶ್ ಮೊದಲ ಸಲ ತೆರೆಗೆ ಬಂದು ಜಲೀಲನಾದರು. ಸಂಪತ್‌ಕುಮಾರ್ ಎಂಬ ಯುವಕ ವಿಷ್ಣುವರ್ಧನ್ ಎಂಬ ಹೊಸ ಹೆಸರು ಪಡೆದು, ಅದಕ್ಕೂ ಜನ ಒಗ್ಗಿಕೊಳ್ಳುವ ಮುಂಚೆ ರಾಮಾಚಾರಿಯಾದರು. ಅಶ್ವತ್ಥರು ಹೊಸಬರೇನಲ್ಲ, ಆದರೂ ಊರೂರಿನಲ್ಲಿ ಶಿಷ್ಯನಿಗಾಗಿ ಕಣ್ಣೀರಿಡುವ ಮೇಷ್ಟರಿಗೆ ಚಾಮಯ್ಯ ಮೇಷ್ಟ್ರು ಎಂಬ ಹೆಸರೇ ನಿಂತುಹೋಯಿತು. ಚಿತ್ರದುರ್ಗದ ಕೋಟೆಗೆ ಹೋದಾಗ ಓಬವ್ವನ ಕಿಂಡಿಯ ಮುಂದೆ ನಿಂತು ಕಣ್ಣು ಮುಚ್ಚಿದೆ. ಎದುರು ಬಂದದ್ದು ಹದಿನೆಂಟನೇ ಶತಮಾನದ ಯಾವ ಹೆಣ್ಣುಮಗಳೂ ಅಲ್ಲ. ಒನಕೆ ಹಿಡಿದ ಜಯಂತಿ. ಇತಿಹಾಸದ ಓಬವ್ವನ ಮುಖ ಯಾರೂ ನೋಡಿದ್ದಲ್ಲ, ಹಾಗಾಗಿ ಜಯಂತಿಯವರು ಆಕೆಗೆ ಮುಖ ಕೊಟ್ಟರು ಎಂದು ಸಮಾಧಾನ ಪಟ್ಟುಕೊಳ್ಳಬಹುದು. ಮನ್ಯಾನ ವಿಷಯದಲ್ಲಿ ಆ ಸಮಾಧಾನ ನನಗೆ ಸಿಗುವುದಿಲ್ಲ. ಅವನ ಮುಖ ನೋಡಿದ್ದವರು ಈ ಊರಿನಲ್ಲಿ ಇದ್ದರು. ಅವನಿಂದ ಪೆಟ್ಟು ತಿಂದವರೂ ಇದ್ದರು. ಅಷ್ಟು ಹತ್ತಿರದ ಕಾಲದ ಮನುಷ್ಯನ ಮೇಲೆ ಚೆಂದದ ಇನ್ನೊಂದು ಮುಖ ಕೂತಾಗ ಅವನು ಮಾಡಿದ್ದೂ ಅವನಿಗೆ ಆದದ್ದೂ ಎರಡೂ ಮಸುಕಾಗುತ್ತವೆ.

'ನಾಗರಹಾವು' ನೋಡಿದ ಕಾದಂಬರಿಕಾರ ತರಾಸು, ನಿರ್ದೇಶಕ ಪುಟ್ಟಣ್ಣನವರು ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ನೊಂದು ಹೇಳಿದ್ದರಂತೆ. ಮೂರು ಕಾದಂಬರಿಗಳ ಉದ್ದಕ್ಕೂ ತಾವು ಬೆಳೆಸಿದ ಹುಡುಗನ ಸಿಟ್ಟಿನ ವಿಷ ತೆರೆಯಲ್ಲಿ ಇಳಿದುಹೋಯಿತು ಎಂಬ ಸಂಕಟ ಅದು. ಮಗನನ್ನು ಸಾಕಲು ಕೊಟ್ಟ ತಂದೆ ಆಡುವ ಮಾತಿನ ಹಾಗೆ ಕೇಳಿಸುತ್ತದೆ ನನಗೆ. ಸಿನಿಮಾ ನೋಡಿದ ಲಕ್ಷಾಂತರ ಜನಕ್ಕೆ ವಿಷ ಸಾಲದು ಎನ್ನಿಸಲಿಲ್ಲ. ಅವರು ಕಂಡದ್ದು ಬೇರೆಯೇ ರಾಮಾಚಾರಿ. ಇಬ್ಬರೂ ಇದ್ದಾರೆ ಎನ್ನದೆ ಬೇರೆ ದಾರಿಯಿಲ್ಲ.

ಅಪ್ಪನ ದಾರಿಯೇ ಬೇರೆ. ಅವರು ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದರು, ಸಿನಿಮಾಕ್ಕಿಂತ ಯಕ್ಷಗಾನದ ಹುಚ್ಚು ಹೆಚ್ಚು. ಮಳೆಗಾಲದಲ್ಲಿ ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಮುಂಬೈಗೆ ಬರುತ್ತಾರಲ್ಲ, ಆಗ ಅಪ್ಪ ರಜೆ ಕೇಳಿ ಹೋಗುವರು. ಅವರು ಆಡುತ್ತಿದ್ದ ಮಾತು: "ಶೇಣಿಯವರ ವಾಲಿ ಕೇಳ್ಬೇಕು ಮಾರಾಯ." 'ವಾಲಿಯ ಪಾತ್ರದಲ್ಲಿ ಶೇಣಿ' ಎಂದಲ್ಲ. ಶೇಣಿಯವರ ವಾಲಿ. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಿಗೆ ಕಿರೀಟವಿಲ್ಲ, ಬಣ್ಣವಿಲ್ಲ. ಪಂಚೆ ಶಾಲಿನಲ್ಲಿ ಕುಳಿತು 'ನಾನು' ಎಂದರೆ ಎದುರು ಕೂತವರಿಗೆ ಬಾಣ ನಾಟಿಸಿಕೊಂಡ ವಾನರರಾಜ ಕಾಣಬೇಕು. ಆ 'ಅವರ' ಎಂಬ ಷಷ್ಠಿ ವಿಭಕ್ತಿಯಲ್ಲಿ ವಾಲಿ ಶೇಣಿಯವರ ಸ್ವತ್ತಾಗುವುದಿಲ್ಲ. ವಾಲಿ ಮೊದಲೂ ಇದ್ದ, ನಾಳೆ ಇನ್ನೊಬ್ಬರ ವಾಲಿ ಬರುತ್ತಾನೆ. ಇವರದ್ದು ಇಂದಿನ ರಾತ್ರಿಯ ವಾಲಿ, ಅಷ್ಟೇ. ವಾಲ್ಮೀಕಿಗೂ ಶೇಣಿಯವರಿಗೂ ಕೇಳುವ ಅಪ್ಪನಿಗೂ ಅಲ್ಲಿ ಜಾಗವಿದೆ. ನಟ, ಪಾತ್ರ, ಪ್ರೇಕ್ಷಕ ಈ ಮೂವರನ್ನೂ ಇಷ್ಟು ಕಡಿಮೆ ಅಕ್ಷರಗಳಲ್ಲಿ ಒಟ್ಟಿಗೆ ಕೂರಿಸಿದ ಇನ್ನೊಂದು ನುಡಿಗಟ್ಟು ನನಗೆ ಸಿಕ್ಕಿಲ್ಲ. ಸಿನಿಮಾದ ಬಗ್ಗೆ ಬರೆಯುವವರು ಇದನ್ನು ಏಕೆ ಎತ್ತಿಕೊಳ್ಳಲಿಲ್ಲವೋ.

ಎತ್ತಿಕೊಂಡದ್ದು 'ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ' ಎಂಬುದನ್ನು. ಕಾಲೇಜು ಮುಗಿಸಿದ ಹೊಸತರಲ್ಲಿ ನಾನೂ ಮುಂಬೈಯ ಒಂದು ಕನ್ನಡ ಪತ್ರಿಕೆಗೆ ವಿಮರ್ಶೆ ಬರೆಯುತ್ತಿದ್ದೆ. ಒಂದರಲ್ಲಿ 'ಮಧ್ಯಂತರದ ನಂತರ ತಾಯಿಯ ಪಾತ್ರ ಸಾಯುತ್ತದೆ' ಎಂದಿದ್ದೆ. ಅಮ್ಮ ಓದಿ, ಕನ್ನಡಕ ತೆಗೆದು ಕೇಳಿದಳು: "ತಾಯಿ ಸಾಯ್ತಾಳೆ ಅಂತ ಯಾಕೆ ಬರೀಲಿಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ. ಪಾತ್ರ ಎಂಬುದು ನಪುಂಸಕಲಿಂಗ. ಅದನ್ನು ವಾಕ್ಯದ ತಲೆಗೆ ಕೂರಿಸಿದೊಡನೆ ಹೆಣ್ಣು ಗಂಡು ಮಗು ಮುದುಕ ಎಲ್ಲರೂ 'ಅದು' ಆಗುತ್ತಾರೆ. ಅಳುತ್ತದೆ, ಓಡುತ್ತದೆ, ಬೆಳೆಯುತ್ತದೆ. ವಿಮರ್ಶಕನಿಗೆ ಕೆಲವೊಮ್ಮೆ ಆ ದೂರ ಬೇಕು, ಒಪ್ಪುತ್ತೇನೆ. ಹೇಗೆ ಕಟ್ಟಿದ್ದಾರೆ ಎಂದು ನೋಡಲು ಕಟ್ಟಡದಿಂದ ಹೊರಗೆ ಬಂದು ನಿಲ್ಲಬೇಕಾಗುತ್ತದೆ. ಆದರೆ ಒಳಗೆ ಕಾಲಿಡದೆಯೇ ಹೊರಗೆ ನಿಂತ ಬರಹ ತಕ್ಷಣ ತಿಳಿಯುತ್ತದೆ. ಅಂದಿನಿಂದ ನಾನು ಏನೇ ಬರೆದರೂ ಸಾಯುವವರು ಸಾಯುತ್ತಾರೆ ಅಥವಾ ಸಾಯುತ್ತಾಳೆ. ಸಾಯುತ್ತದೆ ಎಂದು ಬರೆದಿಲ್ಲ.

ಪ್ರೇಕ್ಷಕರದ್ದು, ವಿಮರ್ಶಕರದ್ದು ಆಯಿತು; ನಟರ ಮಾತು ಮೂರನೆಯದು. ಅವರಿಗೆ 'ನಾನು' ಬಿಟ್ಟರೆ ಗತಿಯಿಲ್ಲ. ಮುಂಬೈಯ ಕನ್ನಡ ರಂಗಭೂಮಿಯಲ್ಲಿ ಹವ್ಯಾಸಿಯಾಗಿ ಬಾಳು ಸವೆಸಿದ ಹಿರಿಯರೊಬ್ಬರು ಪರಿಚಯ. ಬ್ಯಾಂಕಿನ ಕೆಲಸ ಮುಗಿಸಿ ಲೋಕಲ್ ಹಿಡಿದು ತಾಲೀಮಿಗೆ ಓಡುತ್ತಿದ್ದವರು. ತಾವು ಆಡಿದ ಒಂದು ದೃಶ್ಯದ ಬಗ್ಗೆ "ಅಲ್ಲಿ ನಾನು ಮಗನನ್ನ ಮನೆಯಿಂದ ಹೊರಗೆ ಹಾಕ್ತೀನಿ" ಎಂದು ಹೇಳುತ್ತ ಅವರು ಒಂದು ಕ್ಷಣ ತಡೆದರು. ಪಕ್ಕದಲ್ಲೇ ಅವರ ಸ್ವಂತ ಮಗ ಚಹಾ ಕುಡಿಯುತ್ತಿದ್ದ. "ನಾನು ಅಂದ್ರೆ ಅವನು" ಎಂದು ತಿದ್ದಿದರು, ಮರುವಾಕ್ಯದಲ್ಲಿ ಮತ್ತೆ 'ನಾನು'. ಕನ್ನಡದಲ್ಲಿ ನಟನೆಗೆ ಪರಕಾಯ ಪ್ರವೇಶ ಎನ್ನುತ್ತೇವೆ. ಶಂಕರಾಚಾರ್ಯರು ಅಮರುಕ ರಾಜನ ದೇಹ ಹೊಕ್ಕ ಕತೆಯಲ್ಲಿ, ಅವರ ಸ್ವಂತ ಶರೀರವನ್ನು ಶಿಷ್ಯರು ಗುಹೆಯಲ್ಲಿ ಕಾದಿದ್ದರು, ಗುರುಗಳು ಹಿಂದಿರುಗುವ ದಾರಿ ಮುಚ್ಚಬಾರದೆಂದು. ಆ ಹಿರಿಯರ 'ನಾನು' ಮತ್ತು 'ಅವನು'ಗಳ ನಡುವಿನ ಓಡಾಟ ನೋಡಿದಾಗ ಆ ಕಾವಲಿನ ಅರ್ಥ ಆಯಿತು.

ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಬರುತ್ತಿತ್ತು, ಕೆಳಗೆ ಇಂಗ್ಲಿಷ್ ಅಕ್ಷರಗಳೊಂದಿಗೆ. ಕನ್ನಡದ ಸರದಿಗೆ ವಾರಗಟ್ಟಲೆ ಕಾಯಬೇಕು. ಒಂದು ಭಾನುವಾರ ಗಿರೀಶ ಕಾಸರವಳ್ಳಿಯವರ 'ತಬರನ ಕಥೆ' ಬಂತು. ನಮ್ಮದು ಮಹಡಿಯಲ್ಲಿದ್ದ ಎರಡೇ ಟಿವಿಗಳಲ್ಲಿ ಒಂದು, ಹಾಗಾಗಿ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ನೆರೆಯ ತಮಿಳು ಕುಟುಂಬದವರಿಗೆ ತೆರೆಯ ಮೇಲಿದ್ದವರು ಚಾರುಹಾಸನ್, ಕಮಲ್ ಹಾಸನ್‌ರ ಅಣ್ಣ. ಅವರಲ್ಲಿ ತಮ್ಮನ ಛಾಯೆ ಹುಡುಕುತ್ತ ಕೂತರು. ಅಮ್ಮನಿಗೆ ಅವನು ಮೊದಲ ಹತ್ತು ನಿಮಿಷದಲ್ಲೇ ತಬರ. "ಅಯ್ಯೋ ತಬರ, ಆ ಕಚೇರಿಗೆ ಇನ್ನೆಷ್ಟು ಸಲ ಹೋಗ್ತಿ?" ಪಿಂಚಣಿಗಾಗಿ ಅವನು ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದಾನೆ, ಮನೆಯಲ್ಲಿ ಹೆಂಡತಿಯ ಕಾಯಿಲೆ ಏರುತ್ತಿದೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತವರು ಮರಾಠಿ ಮಾತಾಡುವ ಒಬ್ಬ ನಿವೃತ್ತ ಗುಮಾಸ್ತರು. ಕನ್ನಡ ಬಾರದು, ಇಂಗ್ಲಿಷ್ ಅಕ್ಷರ ಅಷ್ಟು ಬೇಗ ಓದಲಾಗದು. ಅವರ ಪಿಂಚಣಿಯ ಕಾಗದ ಎರಡು ವರ್ಷದಿಂದ ಯಾವುದೋ ಕಪಾಟಿನಲ್ಲಿತ್ತು. ಚಿತ್ರ ಮುಗಿದಾಗ ಎಲ್ಲರೂ ಏನೇನೋ ಅಂದರು. ಅವರು ಚಾರುಹಾಸನ್ ಎನ್ನಲಿಲ್ಲ, ತಬರ ಎನ್ನಲಿಲ್ಲ. "ಮಾಝಂ ಪಣ್ ತಸಂಚ್," ನನ್ನದೂ ಹಾಗೇ, ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ವರ್ಷ ಚಿತ್ರಕ್ಕೆ ಸ್ವರ್ಣಕಮಲ ಬಂದಿತ್ತು, ಚಾರುಹಾಸನ್‌ಗೆ ಶ್ರೇಷ್ಠ ನಟ ಪ್ರಶಸ್ತಿ. ಪೂರ್ಣಚಂದ್ರ ತೇಜಸ್ವಿಯವರ ಕತೆಯ ಬಗ್ಗೆ, ಆ ಚಿತ್ರದ ಬಗ್ಗೆ ಆಮೇಲೆ ಬಹಳ ಒಳ್ಳೆಯ ವಿಮರ್ಶೆ ಓದಿದ್ದೇನೆ. ಆ ಮೂರು ಪದಗಳ ಎತ್ತರಕ್ಕೆ ಯಾವುದೂ ಏರಲಿಲ್ಲ.

ಅಮ್ಮನಿಗೆ ಹೀಗೆ ಉಳಿದುಹೋದವಳು ಕಾವೇರಿ. ಮದುವೆಗೆ ಮುಂಚೆ ಊರಲ್ಲಿ 'ಶರಪಂಜರ' ನೋಡಿದ್ದಳು. ಹುಚ್ಚಾಸ್ಪತ್ರೆಯಿಂದ ಗುಣವಾಗಿ ಮನೆಗೆ ಮರಳಿದ ಹೆಣ್ಣನ್ನು ಗಂಡ, ನೆರೆಹೊರೆ, ಎಲ್ಲರೂ ಅನುಮಾನದ ಕಣ್ಣಿಂದ ನೋಡಿ ಮತ್ತೆ ಅಲ್ಲಿಗೇ ಅಟ್ಟುವ ಕತೆ. ಸಿನಿಮಾ ಬರುವ ಹೊತ್ತಿಗೆ ಕಾದಂಬರಿ ಬರೆದ ತ್ರಿವೇಣಿ ಇರಲಿಲ್ಲ. ಕಾವೇರಿಯಾಗಿ ನಟಿಸಿದ ಕಲ್ಪನಾ ಮುಂದೆ ತಾವೇ ಅಕಾಲದಲ್ಲಿ ಹೋದರು. ಸೃಷ್ಟಿಸಿದವರು ಹೋದರು, ಮುಖ ಕೊಟ್ಟವರೂ ಹೋದರು, ಕಾವೇರಿ ಮಾತ್ರ ವಡಾಲದ ನಮ್ಮ ಅಡುಗೆಮನೆಯಲ್ಲಿ ಇದ್ದಳು. ಕೆಳಗಿನ ಮನೆಯ ಸೊಸೆ ಹೆರಿಗೆಯ ನಂತರ ಮಂಕಾಗಿ, ಔಷಧಿ ಶುರುವಾದಾಗ ಅವಳ ಅತ್ತೆ ಮಗುವನ್ನು ಅವಳ ಕೈಗೆ ಕೊಡಲು ಹೆದರುತ್ತಿದ್ದರು. ಅಮ್ಮ ಇಳಿದು ಹೋಗಿ ಹೇಳಿದ್ದು ನನಗೆ ಕೇಳಿಸಿತು: "ಕಾವೇರಿಗೂ ಹೀಗೇ ಮಾಡಿದ್ರು. ಕೊಡಿ ಮಗುವನ್ನ ಅವಳಿಗೆ." ಆ ಅತ್ತೆ ಗುಜರಾತಿ. ಕಾವೇರಿ ಯಾರೆಂದು ಅವರು ಕೇಳಲಿಲ್ಲ, ಅಮ್ಮನ ಸಂಬಂಧಿಕರೆಂದು ತಿಳಿದರು. ಮಗುವನ್ನು ಕೊಟ್ಟರು.

ಬಸ್ಸಿನ ಹುಡುಗರ ಮಾತನ್ನು ಆ ಸಂಜೆ ಅಮ್ಮನಿಗೆ ಹೇಳಿದೆ. ಅವಳಿಗೀಗ ಎಂಬತ್ತು ಹತ್ತಿರ, ಟಿವಿಯಲ್ಲಿ ಬಂದದ್ದನ್ನೆಲ್ಲ ನೋಡುತ್ತಾಳೆ, ಆ ಚಿತ್ರವನ್ನೂ ನೋಡಿದ್ದಳು. ಬಟಾಣಿ ಬಿಡಿಸುತ್ತಿದ್ದಳು. ಬಿಡಿಸುತ್ತಲೇ ಕೇಳಿದಳು: "ಅವನ ಅಮ್ಮ ಆಮೇಲೆ ಎಂತ ಮಾಡಿದಳಂತೆ?"

ಯಾರ ಅಮ್ಮ, ಸಿನಿಮಾದವನ ಅಮ್ಮನೋ ನಿಜದವನ ಅಮ್ಮನೋ ಎಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಅವಳ ಪಕ್ಕದಲ್ಲಿ ಕೂತು ಬಟಾಣಿ ಬಿಡಿಸತೊಡಗಿದೆ.